ಆಟೊಮ್ಯಾಟಿಕ್ ಕಾರಿನ ಮ್ಯಾನ್ಯುಯಲ್ ಮೋಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಆಟೊಮ್ಯಾಟಿಕ್ ಕಾರು ಕೊಂಡ ಹೊಸತರಲ್ಲಿ ಎಲ್ಲರೂ ಗೇರ್ ಲಿವರ್ ಪಕ್ಕದ ಪ್ಲಸ್, ಮೈನಸ್ ಗುರುತುಗಳನ್ನು ಒಮ್ಮೆ ಮುಟ್ಟಿ ನೋಡುತ್ತಾರೆ. ಎಂಜಿನ್ ಗುರ್ರ್ ಅನ್ನುತ್ತದೆ, ಮೀಟರಿನಲ್ಲಿ ಯಾವುದೋ ಅಂಕಿ ಮಿನುಗುತ್ತದೆ. ಗಾಬರಿಯಾಗಿ ಲಿವರನ್ನು ಮತ್ತೆ ‘ಡಿ’ಗೆ (ಡ್ರೈವ್, ಅಂದರೆ ಕಾರೇ ಗೇರ್ ಆರಿಸುವ ಸ್ಥಾನಕ್ಕೆ) ತಳ್ಳಿದರೆ ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ನಾನೂ ಸುಮಾರು ಎರಡು ವರ್ಷ ಹಾಗೇ ಇದ್ದೆ. ಒಂದು ದಿನ ಘಾಟಿ ಇಳಿಯುವಾಗ ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೇ ಇದರ ಬೆನ್ನು ಹತ್ತಿದ್ದು. ಆಮೇಲಿಂದ ಪರಿಚಯದವರು ಕೇಳುತ್ತಾ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕಾರಿಂದ ಕಾರಿಗೆ ವ್ಯತ್ಯಾಸ ಇದ್ದೇ ಇರುತ್ತದೆ. ನಿಮ್ಮ ಕಾರಿನ ಜೊತೆ ಕೊಟ್ಟ ಕೈಪಿಡಿ ಬೇರೆ ಏನಾದರೂ ಹೇಳಿದರೆ ಅದನ್ನೇ ನಂಬಿ, ನನ್ನನ್ನಲ್ಲ.

ಮ್ಯಾನ್ಯುಯಲ್ ಮೋಡ್ ಅಂದರೆ ನಿಜಕ್ಕೂ ಏನು? ಕ್ಲಚ್ಚೇ ಇಲ್ಲದೆ ಗೇರ್ ಹೇಗೆ ಬದಲಾಗುತ್ತದೆ?

ಲಿವರನ್ನು ಪ್ಲಸ್ ಕಡೆ ತಳ್ಳಿದಾಗ ನೀವು ಗೇರ್ ಹಾಕುತ್ತಿಲ್ಲ, ಒಂದು ಸ್ವಿಚ್ ಒತ್ತುತ್ತಿದ್ದೀರಿ, ಅಷ್ಟೇ. ‘ಒಂದು ಗೇರ್ ಮೇಲೆ ಹೋಗು’ ಎಂಬ ಅರ್ಜಿ ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಹೋಗುತ್ತದೆ. ಅದು ಆಗಿನ ವೇಗ, ಎಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬ ಲೆಕ್ಕ) ಎಲ್ಲ ನೋಡಿ, ಸರಿಯೆನಿಸಿದರೆ ತಾನೇ ಗೇರ್ ಬದಲಿಸುತ್ತದೆ. ಸರಿಯಿಲ್ಲ ಅನಿಸಿದರೆ ಅರ್ಜಿ ತಿರಸ್ಕಾರ. ಕೆಲಸ ಮಾಡುವ ಯಂತ್ರ ಡಿ ಮೋಡಿನದ್ದೇ. ಯಾವಾಗ ಬದಲಿಸಬೇಕು ಎಂಬ ತೀರ್ಮಾನ ಮಾತ್ರ ನಿಮ್ಮ ಕೈಗೆ ಬರುತ್ತದೆ.

ಹಳೆಯ ಆಟೊಮ್ಯಾಟಿಕ್‌ಗಳಲ್ಲೂ ಕೆಳಗಿನ ಗೇರುಗಳಿಗೆ 2, ಎಲ್ ಎಂಬ ಸ್ಥಾನಗಳಿದ್ದವು. ಒಂದೊಂದೇ ಗೇರ್ ತಟ್ಟಿ ಏರಿಸಿ ಇಳಿಸುವ ಈ ಪದ್ಧತಿಗೆ ಹೆಸರು ತಂದುಕೊಟ್ಟದ್ದು ಪೋರ್ಷೆ. 1990ರ ಮಾಡೆಲ್ 911ರಲ್ಲಿ ಟಿಪ್‌ಟ್ರಾನಿಕ್ ಎಂಬ ಹೆಸರಲ್ಲಿ ಅದು ಬಂತು. ಈಗ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟುಕೊಂಡಿದೆ, ಒಳಗಿನ ವಿಚಾರ ಒಂದೇ.

ಕಾರೇ ಎಲ್ಲ ನೋಡಿಕೊಳ್ಳುವಾಗ ನಾನೇಕೆ ತಲೆ ಹಾಕಬೇಕು?

ಯಾಕೆಂದರೆ ಗೇರ್‌ಬಾಕ್ಸಿಗೆ ಕಣ್ಣಿಲ್ಲ. ಈ ಕ್ಷಣದ ವೇಗ ಎಷ್ಟು, ನಿಮ್ಮ ಕಾಲು ಆಕ್ಸಲರೇಟರನ್ನು ಎಷ್ಟು ಒತ್ತಿದೆ, ಬ್ರೇಕ್ ಮೇಲೆ ಇದೆಯೋ ಇಲ್ಲವೋ, ಇಷ್ಟೆಲ್ಲ ಅದಕ್ಕೆ ಗೊತ್ತು. ಕಾರು ಏರಿನಲ್ಲಿದೆಯೋ ಇಳಿಜಾರಿನಲ್ಲಿದೆಯೋ ಎಂಬುದೂ ಈಗಿನ ಹಲವು ಕಾರುಗಳಿಗೆ ತಿಳಿಯುತ್ತದೆ. ಆದರೆ ಮುಂದಿನ ತಿರುವು ದಾಟಿದ ಮೇಲೆ ರಸ್ತೆ ಧೊಪ್ಪೆಂದು ಕೆಳಗಿಳಿಯುತ್ತದೆ ಎಂಬುದು ಗೊತ್ತಿರುವುದು ನಿಮಗೆ ಮಾತ್ರ. ಮುಂದಿನ ಲಾರಿಯನ್ನು ಇನ್ನು ಐದು ಸೆಕೆಂಡಿನಲ್ಲಿ ಓವರ್‌ಟೇಕ್ ಮಾಡಬೇಕು ಎಂಬ ಲೆಕ್ಕಾಚಾರವೂ ನಿಮ್ಮ ತಲೆಯಲ್ಲೇ ಇದೆ, ಅದರ ತಲೆಯಲ್ಲಿಲ್ಲ. ಗೇರ್‌ಬಾಕ್ಸ್ ಆದದ್ದಕ್ಕೆ ಪ್ರತಿಕ್ರಿಯೆ ಕೊಡುತ್ತದೆ. ನೀವು ಆಗಲಿರುವುದಕ್ಕೆ ತಯಾರಾಗಬಲ್ಲಿರಿ.

ಈ ಕೊರತೆ ಕಾರು ತಯಾರಿಸುವವರಿಗೆ ಗೊತ್ತಿಲ್ಲದ್ದೇನಲ್ಲ. 2013ರಲ್ಲಿ ಬಂದ ರೋಲ್ಸ್ ರಾಯ್ಸ್ ರೇತ್ ಕಾರಿನಲ್ಲಿ ಜಿಪಿಎಸ್ ನಕ್ಷೆ ನೋಡಿಕೊಂಡು ಮುಂದಿನ ತಿರುವಿಗೆ ಮೊದಲೇ ಗೇರ್ ಆರಿಸುವ ವ್ಯವಸ್ಥೆ ಇತ್ತು. ನಮ್ಮ ನಿಮ್ಮ ಕಾರಿಗೆ ಆ ಭಾಗ್ಯವಿಲ್ಲ, ಪ್ಲಸ್ ಮೈನಸ್ ಇದೆ.

ಹಾಗಾಗಿ ನನ್ನ ಅಳತೆಗೋಲು ಇಷ್ಟೇ: ಗೇರ್‌ಬಾಕ್ಸಿಗೆ ಕಾಣದ್ದು ಏನಾದರೂ ನನಗೆ ಕಾಣುತ್ತಿದ್ದರೆ ಮ್ಯಾನ್ಯುಯಲ್, ಇಲ್ಲದಿದ್ದರೆ ಡಿ. ಇಡೀ ದಿನ ಮ್ಯಾನ್ಯುಯಲ್‌ನಲ್ಲೇ ಓಡಿಸುತ್ತೇನೆ ಎನ್ನುವವರನ್ನು ಕಂಡಿದ್ದೇನೆ. ಅವರು ಗೇರ್ ಕಾರನ್ನೇ ಕೊಳ್ಳಬಹುದಿತ್ತು.

ನನ್ನ ಕಾರಿನಲ್ಲಿ ‘ಎಂ’ (ಮ್ಯಾನ್ಯುಯಲ್) ಇಲ್ಲ. ಎಸ್, ಎಲ್, 2, ಬಿ ಅಂತ ಏನೇನೋ ಇದೆ. ಎಲ್ಲ ಒಂದೇನಾ?

ಒಂದೇ ಅಲ್ಲ. ಗೊಂದಲ ಹೆಚ್ಚಿರುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

‘ಎಲ್’ ಮತ್ತು ‘2’ ಹಳೆಯ ಪದ್ಧತಿಯವು. ಇಷ್ಟರ ಮೇಲೆ ಗೇರ್ ಏರಿಸಬೇಡ ಎಂದು ಬೇಲಿ ಹಾಕಿದಂತೆ. ಘಾಟಿ ಇಳಿಯಲು, ಕಡಿದಾದ ಏರು ಹತ್ತಲು ಅಷ್ಟು ಸಾಕು.

‘ಎಸ್’ ಕೆಲವು ಕಾರುಗಳಲ್ಲಿ ಸ್ಪೋರ್ಟ್. ಗೇರ್ ಬದಲಾವಣೆ ಆಗಲೂ ಕಾರಿನ ಕೈಯಲ್ಲೇ ಇರುತ್ತದೆ, ಆರ್‌ಪಿಎಂ ಮಾತ್ರ ಸ್ವಲ್ಪ ಮೇಲೆ ಹೋಗುವವರೆಗೆ ಕಾಯುತ್ತದೆ. ಬೇರೆ ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಟೊಯೋಟಾದ ಎಷ್ಟೋ ಮಾಡೆಲ್‌ಗಳಲ್ಲಿ, ‘ಎಸ್’ ಅಂದರೆ ಪ್ಲಸ್ ಮೈನಸ್ ಇರುವ ಜಾಗ. ಅಲ್ಲೂ ಒಂದು ಸೂಕ್ಷ್ಮವಿದೆ. ಮೀಟರಿನಲ್ಲಿ 4 ಎಂದು ಬಂದರೆ ನಾಲ್ಕನೇ ಗೇರಿನಲ್ಲಿದ್ದೀರಿ ಎಂದೇ ಅರ್ಥವಲ್ಲ. ಒಂದರಿಂದ ನಾಲ್ಕರವರೆಗೆ ಕಾರು ತನಗೆ ಬೇಕಾದ್ದನ್ನು ಬಳಸಬಹುದು, ಐದಕ್ಕೆ ಹೋಗುವಂತಿಲ್ಲ ಎಂದರ್ಥ. ‘ನಾಲ್ಕಕ್ಕೆ ಹಾಕಿದ್ದೀನಿ, ಆದರೂ ತಾನಾಗಿ ಮೂರಕ್ಕೆ ಬಂತು, ಗೇರ್‌ಬಾಕ್ಸ್ ಕೆಟ್ಟಿದೆ’ ಎಂದು ಮೆಕ್ಯಾನಿಕ್ ಹತ್ತಿರ ಓಡುವವರಲ್ಲಿ ಹಲವರ ತೊಂದರೆ ಇದೇ. ಏನೂ ಕೆಟ್ಟಿರುವುದಿಲ್ಲ.

‘ಬಿ’ ಹೈಬ್ರಿಡ್ ಕಾರುಗಳಲ್ಲಿ ಕಾಣುತ್ತದೆ. ಉದ್ದನೆಯ ಇಳಿಜಾರಿಗೆಂದೇ ಇಟ್ಟದ್ದು. ಬ್ಯಾಟರಿ ತುಂಬಿಬಿಟ್ಟರೆ ಚಾರ್ಜ್ ಆಗುವ ಮೂಲಕ ಕಾರನ್ನು ತಡೆಯಲು ಆಗುವುದಿಲ್ಲವಲ್ಲ, ಆಗ ಎಂಜಿನ್ನನ್ನೇ ಸುಮ್ಮನೆ ತಿರುಗಿಸಿ ಆ ಶಕ್ತಿಯನ್ನು ಕರಗಿಸುತ್ತದೆ. ಸಪಾಟು ರಸ್ತೆಯಲ್ಲಿ ಬಿ ಹಾಕಿಕೊಂಡು ಓಡಿಸಿದರೆ ಮೈಲೇಜ್ ಕಳೆದುಕೊಳ್ಳುವಿರಿ.

ಓಡುತ್ತಿರುವಾಗಲೇ ಡಿಯಿಂದ ಮ್ಯಾನ್ಯುಯಲ್‌ಗೆ ತರಬಹುದೇ? ಬ್ರೇಕ್ ಒತ್ತಬೇಕೇ?

ಧಾರಾಳವಾಗಿ ತರಬಹುದು. ಬ್ರೇಕ್ ಒತ್ತಬೇಕಿಲ್ಲ, ಆಕ್ಸಲರೇಟರಿನಿಂದ ಕಾಲು ತೆಗೆಯಬೇಕಾಗಿಯೂ ಇಲ್ಲ. ಕಾರು ಆಗ ಯಾವ ಗೇರಿನಲ್ಲಿತ್ತೋ ಸಾಮಾನ್ಯವಾಗಿ ಅದೇ ಗೇರನ್ನು ಹಿಡಿದುಕೊಳ್ಳುತ್ತದೆ. ವಾಪಸ್ ಡಿಗೆ ಬರುವುದೂ ಹೀಗೆಯೇ. ಓಡುವಾಗ ಮುಟ್ಟಬಾರದ್ದು ‘ಆರ್’ (ರಿವರ್ಸ್) ಮತ್ತು ‘ಪಿ’ (ಪಾರ್ಕ್). ಲಿವರಿನ ದಾರಿ ನಿಮ್ಮ ಕೈಗೆ ಅಭ್ಯಾಸವಾಗುವವರೆಗೆ ಕಾರು ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು, ಕಣ್ಣು ಮುಂದಿಟ್ಟುಕೊಂಡೇ ನಾಲ್ಕಾರು ಸಲ ಆಚೀಚೆ ಮಾಡಿ ನೋಡಿ.

ಪ್ಲಸ್ ಮುಂದಕ್ಕೋ ಹಿಂದಕ್ಕೋ? ಗೆಳೆಯನ ಕಾರಿನಲ್ಲಿ ಉಲ್ಟಾ ಇದೆ.

ಎರಡೂ ಉಂಟು. ಮುಂದೆ ತಳ್ಳಿದರೆ ಗೇರ್ ಏರುವ ಕಾರುಗಳು ಬಹಳ. ಬಿಎಂಡಬ್ಲ್ಯು, ಮಾಜ್ದಾ ಕಾರುಗಳಲ್ಲಿ ಹಿಂದಕ್ಕೆ ಎಳೆದರೆ ಏರುತ್ತದೆ, ಮುಂದೆ ತಳ್ಳಿದರೆ ಇಳಿಯುತ್ತದೆ. ರೇಸ್ ಕಾರುಗಳ ಪದ್ಧತಿ ಅದು, ಅದರ ಹಿಂದೆ ನ್ಯಾಯವೂ ಇದೆ. ವೇಗ ಹೆಚ್ಚುವಾಗ ಮೈ ಹಿಂದಕ್ಕೆ ವಾಲುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ. ಕೈಯೂ ಅದೇ ದಿಕ್ಕಿಗೆ ಹೋದರೆ ಸಲೀಸು. ಬೇರೆಯವರ ಕಾರು ತೆಗೆದುಕೊಂಡಾಗ ಹೊರಡುವ ಮುಂಚೆ ಗುರುತು ನೋಡಿಕೊಳ್ಳಿ. ಸ್ಟೀರಿಂಗಿನ ಹಿಂದೆ ಪ್ಯಾಡಲ್ (ಬೆರಳಿನಿಂದ ಎಳೆದು ಗೇರ್ ಬದಲಿಸುವ ಚಿಕ್ಕ ಪಟ್ಟಿ) ಇದ್ದರೆ ಈ ರಗಳೆಯೇ ಇಲ್ಲ, ಬಲಗಡೆಯದು ಪ್ಲಸ್, ಎಡಗಡೆಯದು ಮೈನಸ್.

ಡಿಯಲ್ಲಿರುವಾಗಲೇ ಪ್ಯಾಡಲ್ ಎಳೆದರೆ ಏನಾಗುತ್ತದೆ?

ಹೆಚ್ಚಿನ ಕಾರುಗಳಲ್ಲಿ ತಾತ್ಕಾಲಿಕವಾಗಿ ಮ್ಯಾನ್ಯುಯಲ್‌ಗೆ ಬರುತ್ತದೆ. ಕೆಲವು ಸೆಕೆಂಡು ಏನೂ ಮಾಡದಿದ್ದರೆ, ಇಲ್ಲವೇ ಆಕ್ಸಲರೇಟರ್ ಒತ್ತಿ ಸಮವಾಗಿ ಓಡಿಸುತ್ತಿದ್ದರೆ, ತಾನೇ ಡಿಗೆ ಮರಳುತ್ತದೆ. ಬಲಗಡೆಯ ಪ್ಯಾಡಲನ್ನು ಒಂದೆರಡು ಸೆಕೆಂಡು ಎಳೆದು ಹಿಡಿದರೆ ತಕ್ಷಣ ಮರಳುವ ಕಾರುಗಳೂ ಇವೆ. ಒಂದು ತಿರುವು, ಒಂದು ಓವರ್‌ಟೇಕ್, ಇಂಥ ಚಿಕ್ಕ ಕೆಲಸಕ್ಕೆ ಇದೇ ಚೆಂದ. ಉದ್ದನೆಯ ಇಳಿಜಾರಿಗೆ ಮಾತ್ರ ಲಿವರನ್ನೇ ಎಂಗೆ ತನ್ನಿ. ಅರ್ಧ ದಾರಿಯಲ್ಲಿ ಕಾರು ‘ಇವರಿಗೆ ಇನ್ನು ಬೇಡವೇನೋ’ ಎಂದುಕೊಂಡು ಗೇರ್ ಏರಿಸಿಬಿಟ್ಟರೆ ಕಷ್ಟ.

ಘಾಟಿ ಇಳಿಯುವಾಗ ಮ್ಯಾನ್ಯುಯಲ್ ಬಳಸಿ ಎನ್ನುತ್ತಾರೆ. ಬ್ರೇಕ್ ಇದೆಯಲ್ಲ, ಸಾಲದೇ?

ಒಂದು ಲೆಕ್ಕ ಹಾಕೋಣ. ಜನ, ಸಾಮಾನು ಸೇರಿ 1500 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗೆ ಬರುತ್ತದೆ ಎನ್ನಿ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 73 ಲಕ್ಷ ಜೂಲ್. 25 ಡಿಗ್ರಿಯ 23 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಗಾಳಿಯ ತಡೆ, ಟೈರಿನ ಘರ್ಷಣೆ ಸ್ವಲ್ಪ ನುಂಗುತ್ತವೆ. ಉಳಿದದ್ದನ್ನೆಲ್ಲ ನೀವು ಬ್ರೇಕಿನಿಂದಲೇ ತಡೆದರೆ, ಆ ಹಂಡೆ ನೀರಿನ ಕಾವು ಅಂಗೈಯಗಲದ ಪ್ಯಾಡುಗಳಿಗೂ ಡಿಸ್ಕುಗಳಿಗೂ ಹೋಗಬೇಕು.

ಪ್ಯಾಡ್ ಮಿತಿಮೀರಿ ಕಾದರೆ ಹಿಡಿತ ಬಿಡುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಕಾರು ಮಾತ್ರ ನಿಧಾನವಾಗುವುದಿಲ್ಲ. ಇನ್ನೂ ಕಾದರೆ ಬ್ರೇಕ್ ಫ್ಲೂಯಿಡ್, ಅಂದರೆ ಪೆಡಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ದ್ರವ, ಕುದಿಯುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂದು ನಿಯಮ. ಆದರೆ ಅದು ಗಾಳಿಯ ತೇವ ಹೀರುವ ದ್ರವ. ತೇವ ಹೀರಿದ ಮೇಲಿನ ಮಿತಿ 155 ಡಿಗ್ರಿ. ಕುದ್ದ ಫ್ಲೂಯಿಡಿನಲ್ಲಿ ಗುಳ್ಳೆಗಳೇಳುತ್ತವೆ, ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ವರ್ಷಗಟ್ಟಲೆ ಫ್ಲೂಯಿಡ್ ಬದಲಿಸದ ಕಾರಿಗೆ ಘಾಟಿ ಯಾಕೆ ಹೆಚ್ಚು ಅಪಾಯ ಎಂಬುದು ಇದರಿಂದ ಗೊತ್ತಾಗುತ್ತದೆ.

ಕೆಳಗಿನ ಗೇರಿನಲ್ಲಿ ಆಕ್ಸಲರೇಟರ್ ಬಿಟ್ಟರೆ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತವೆ. ಪೆಟ್ರೋಲ್ ಎಂಜಿನ್ನಿನಲ್ಲಿ ಆಗ ಥ್ರಾಟಲ್ (ಒಳಗೆ ಗಾಳಿ ಬಿಡುವ ಬಾಗಿಲು) ಮುಚ್ಚಿರುತ್ತದೆ. ಸಿರಿಂಜಿನ ಬಾಯಿಗೆ ಬೆರಳಿಟ್ಟು ಹಿಂದಕ್ಕೆ ಎಳೆದು ನೋಡಿ, ಪಿಸ್ಟನ್ನಿನ ಪಾಡು ಅದೇ. ಆ ಒದ್ದಾಟವೇ ಎಂಜಿನ್ ಬ್ರೇಕಿಂಗ್. ಇಲ್ಲಿ ಹುಟ್ಟುವ ಕಾವನ್ನು ಹೊರಹಾಕಲು ರೇಡಿಯೇಟರ್ ಇದೆ, ಎಣ್ಣೆ ಇದೆ, ಸೈಲೆನ್ಸರ್ ಇದೆ. ಬ್ರೇಕಿಗೆ ಬೀಸುವ ಗಾಳಿಯೊಂದೇ ಗತಿ.

ನನಗೆ ಪಾಠವಾದ ದಿನ ಕಾರಿನ ತುಂಬ ಜನರಿದ್ದರು. ಡಿಯಲ್ಲೇ ಇಳಿಯುತ್ತಿದ್ದೆ, ಬ್ರೇಕಿನ ಮೇಲೆ ಕಾಲು ಇಟ್ಟದ್ದು ತೆಗೆದಿರಲಿಲ್ಲ. ಏಳೆಂಟು ಹೇರ್‌ಪಿನ್ ತಿರುವು ದಾಟುವಷ್ಟರಲ್ಲಿ ಪ್ಲಾಸ್ಟಿಕ್ಕೂ ಕೂದಲೂ ಒಟ್ಟಿಗೆ ಸುಟ್ಟಂಥ ವಾಸನೆ. ಹಿಂದಿನ ಸೀಟಿನಿಂದ ‘ಯಾರದೋ ಲಾರಿಯದ್ದು’ ಅಂದರು. ಮುಂದೆ ಲಾರಿ ಇರಲಿಲ್ಲ. ಅಗಲ ಸಿಕ್ಕ ಕಡೆ ನಿಲ್ಲಿಸಿ ಇಳಿದರೆ ಮುಂದಿನ ಚಕ್ರದಿಂದ ತೆಳುವಾಗಿ ಹೊಗೆ. ನೀರಿನ ಬಾಟಲಿ ಹಿಡಿದು ಇಳಿದವರನ್ನು ತಡೆದೆ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಮುಕ್ಕಾಲು ಗಂಟೆ ಸುಮ್ಮನೆ ಕೂತು ಉಳಿದ ದಾರಿಯನ್ನು ಎರಡನೇ ಗೇರಿನಲ್ಲಿ ಇಳಿದೆ. ಬ್ರೇಕ್ ಬೇಕಾದದ್ದು ತಿರುವುಗಳಲ್ಲಿ ಮಾತ್ರ.

ಸರಿ, ಇಳಿಯುವಾಗ ಯಾವ ಗೇರ್?

ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ, ಎಂಬುದು ಡ್ರೈವರುಗಳ ಹಳೆಯ ಮಾತು. ಐದಾರು ಗೇರಿನ ಕಾರಿಗೆ ಈಗಲೂ ಹೆಚ್ಚುಕಡಿಮೆ ಸರಿ. ಎಂಟು, ಒಂಬತ್ತು ಗೇರಿರುವ ಕಾರುಗಳಲ್ಲಿ ಅಂಕಿ ನೋಡಿದರೆ ಮೋಸಹೋಗುತ್ತೀರಿ, ಅಲ್ಲಿಯ ನಾಲ್ಕನೇ ಗೇರ್ ಬೇರೆ ಕಡೆಯ ಮೂರಕ್ಕೆ ಸಮವಿರಬಹುದು. ಅಂಕಿ ಬಿಟ್ಟು ಕಾರಿನ ನಡತೆ ನೋಡಿ. ಆಕ್ಸಲರೇಟರೂ ಬ್ರೇಕೂ ಮುಟ್ಟದೆ ಇದ್ದಾಗ ಕಾರು ನಿಮಗೆ ಬೇಕಾದ ವೇಗದಲ್ಲೇ ಉಳಿದರೆ ಗೇರ್ ಸರಿಯಿದೆ. ವೇಗ ಏರುತ್ತಲೇ ಇದ್ದರೆ ಬ್ರೇಕ್ ಹಾಕಿ ನಿಧಾನಿಸಿ ಇನ್ನೊಂದು ಗೇರ್ ಇಳಿಸಿ. ಪದೇ ಪದೇ ಆಕ್ಸಲರೇಟರ್ ಕೊಡಬೇಕಾಗಿ ಬಂದರೆ ಒಂದು ಏರಿಸಿ.

ಗೇರ್ ಇಳಿಸುವ ಸಮಯ ಇಳಿಜಾರು ಶುರುವಾಗುವ ಮುಂಚೆ. ವೇಗ ಕೈಮೀರಿದ ಮೇಲೆ ಮೈನಸ್ ಒತ್ತಿದರೆ ಕಾರು ಒಪ್ಪದೆಯೂ ಇರಬಹುದು. ಬ್ರೇಕನ್ನು ಬಿಟ್ಟೇಬಿಡಿ ಎಂದು ಇದರ ಅರ್ಥವಲ್ಲ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಸದಾ ಮೆಲ್ಲಗೆ ಒತ್ತಿಕೊಂಡೇ ಇರುವುದಕ್ಕಿಂತ ಇದು ಮೇಲು, ನಡುವೆ ಗಾಳಿಗೆ ತಣಿಯಲು ಅವಕಾಶ ಸಿಗುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಎಂಜಿನ್ ಬ್ರೇಕಿಂಗಿನಿಂದ ಕಾರು ನಿಧಾನವಾದಾಗ ಹಿಂದಿನ ಬ್ರೇಕ್ ಲೈಟ್ ಹೊತ್ತುವುದಿಲ್ಲ. ಹಿಂದೆ ಅಂಟಿಕೊಂಡು ಬರುವವರಿಗೆ ನೀವು ನಿಧಾನಿಸಿದ್ದು ತಿಳಿಯುವುದು ತಡವಾಗಿ. ಕನ್ನಡಿಯಲ್ಲಿ ಯಾರಾದರೂ ಹತ್ತಿರ ಕಂಡರೆ ಗೇರ್ ಇಳಿಸುವಾಗ ಬ್ರೇಕ್ ಪೆಡಲನ್ನು ಸುಮ್ಮನೆ ತಟ್ಟಿ, ಲೈಟ್ ಹೊತ್ತುವಷ್ಟು.

ಗೇರ್ ಇಳಿಸಿದಾಗ ಎಂಜಿನ್ ಕಿರುಚುತ್ತದೆ. ಹಾಳಾಗುವುದಿಲ್ಲವೇ?

ಡಿ ಮೋಡಿನ ಮೌನಕ್ಕೆ ಹೊಂದಿಕೊಂಡ ಕಿವಿಗೆ 3500 ಆರ್‌ಪಿಎಂ ಕೂಡ ಕಿರುಚಾಟವೇ. ಉದಾಹರಣೆಗೆ ಜೆಡ್‌ಎಫ್ ಕಂಪನಿಯ ಪ್ರಸಿದ್ಧ ಎಂಟು ಗೇರಿನ ಪೆಟ್ಟಿಗೆಯಲ್ಲಿ ನಾಲ್ಕನೇ ಗೇರಿನ ಅನುಪಾತ (ಪೆಟ್ಟಿಗೆಯಿಂದ ಹೊರಬರುವ ದಂಡ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ) ಸುಮಾರು 1.67, ಮೂರನೆಯದು 2.1, ಎರಡನೆಯದು 3.1. ನಾಲ್ಕನೇ ಗೇರಿನಲ್ಲಿ 2000 ಆರ್‌ಪಿಎಂ ಇದ್ದರೆ, ಅದೇ ವೇಗದಲ್ಲಿ ಮೂರಕ್ಕೆ ಬಂದಾಗ 2500, ಎರಡಕ್ಕೆ ಬಂದಾಗ 3700ರ ಆಸುಪಾಸು. ಟ್ಯಾಕೋಮೀಟರಿನ ಕೆಂಪು ಗೆರೆ ಪೆಟ್ರೋಲ್ ಕಾರಿನಲ್ಲಿ ಸಾಮಾನ್ಯವಾಗಿ 6000ದ ಮೇಲೆ. ಅಂದರೆ ಇನ್ನೂ ಬೇಕಾದಷ್ಟು ಅಂತರವಿದೆ. ಡೀಸೆಲ್ ಎಂಜಿನ್ನಿನ ಕೆಂಪು ಗೆರೆ ಬೇಗ ಬರುತ್ತದೆ, ಅಷ್ಟು ನೆನಪಿರಲಿ.

ಸದ್ದು ಜೋರಾದರೂ ಎಂಜಿನ್ನಿಗೆ ಆಗ ಹೊರೆ ಕಡಿಮೆ. ಪೆಟ್ರೋಲ್ ಸುಡುತ್ತಿಲ್ಲ, ಸುಮ್ಮನೆ ತಿರುಗುತ್ತಿದೆ. ನಿಜವಾಗಿ ನೋವಾಗುವುದು ಇದರ ಉಲ್ಟಾ ಮಾಡಿದಾಗ. ಮೇಲಿನ ಗೇರಿನಲ್ಲಿ, 1200 ಆರ್‌ಪಿಎಂನಲ್ಲಿ, ಆಕ್ಸಲರೇಟರನ್ನು ನೆಲಕ್ಕೆ ತುಳಿದು ಗುಡುಗುಡು ಎನ್ನಿಸುವುದು. ಡಿಯಲ್ಲಿ ಕಾರು ಅದಕ್ಕೆ ಅವಕಾಶ ಕೊಡುವುದಿಲ್ಲ, ಮ್ಯಾನ್ಯುಯಲ್‌ನಲ್ಲಿ ಕೆಲವು ಕಾರುಗಳು ಕೊಡುತ್ತವೆ.

ನೂರರ ವೇಗದಲ್ಲಿ ಕೈತಪ್ಪಿ ಮೈನಸ್ ಎರಡು ಮೂರು ಸಲ ಒತ್ತಿಬಿಟ್ಟರೆ?

ಕೆಂಪು ಗೆರೆ ದಾಟಿಸುವ ಗೇರಾದರೆ ಕಾರು ಒಪ್ಪುವುದಿಲ್ಲ. ಬೀಪ್ ಅನ್ನುತ್ತದೆ, ಇಲ್ಲವೇ ಗೇರಿನ ಅಂಕಿ ಮಿನುಗಿ ಸುಮ್ಮನಾಗುತ್ತದೆ. ವೇಗ ತೀರಾ ಕಡಿಮೆಯಾದಾಗಲೂ ಅಷ್ಟೇ, ಎಂಜಿನ್ ನಿಲ್ಲುವ ಮೊದಲು ತಾನೇ ಗೇರ್ ಇಳಿಸುತ್ತದೆ. ಏರಿಸುವ ವಿಷಯದಲ್ಲಿ ಮಾತ್ರ ಎರಡು ಬಣಗಳಿವೆ. ಕೆಂಪು ಗೆರೆ ತಲುಪಿದರೆ ತಾನೇ ಮುಂದಿನ ಗೇರಿಗೆ ಹೋಗುವ ಕಾರುಗಳು ಹೆಚ್ಚು. ನೀವು ಹೇಳುವವರೆಗೆ ಅಲ್ಲೇ ತಡವರಿಸುತ್ತಾ ನಿಲ್ಲುವ ಕಾರುಗಳೂ ಇವೆ. ನಿಮ್ಮದು ಯಾವುದು ಎಂಬುದನ್ನು ಓವರ್‌ಟೇಕ್ ನಡುವೆ ಕಂಡುಕೊಳ್ಳಬೇಡಿ.

ಒದ್ದೆ ರಸ್ತೆಯ ತಿರುವಿನ ನಡುವೆ ಒಮ್ಮೆಗೇ ಗೇರ್ ಇಳಿಸುವುದು ಬೇಡ. ಎಂಜಿನ್ನಿನ ತಡೆ ಬೀಳುವುದು ಸಾಮಾನ್ಯ ಕಾರಿನಲ್ಲಿ ಎರಡೇ ಚಕ್ರಗಳ ಮೇಲೆ, ಅವು ಜಾರಬಹುದು. ಇಳಿಸುವುದಿದ್ದರೆ ತಿರುವಿಗೆ ಮುಂಚೆ, ನೇರ ರಸ್ತೆಯಲ್ಲಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದಂತೆ?

ಇಲ್ಲ, ಖರ್ಚಾಗುತ್ತದೆ. ಗೇರಿನಲ್ಲಿದ್ದು ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುವುದರಿಂದ ಈಗಿನ ಇಂಜೆಕ್ಷನ್ ಎಂಜಿನ್ನುಗಳು ಇಂಧನ ಪೂರ್ತಿ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳಬೇಕು, ಅದಕ್ಕೆ ಪೆಟ್ರೋಲ್ ಬೇಕೇ ಬೇಕು. ಮೇಲಾಗಿ ಎಂಜಿನ್ ಬ್ರೇಕಿಂಗ್ ಇಲ್ಲ, ಥಟ್ಟನೆ ವೇಗ ಬೇಕಾದರೆ ಅದೂ ಇಲ್ಲ. ಕಾರ್ಬ್ಯುರೇಟರ್ ಕಾಲದ ಬುದ್ಧಿವಾದವನ್ನು ಇನ್ನು ಬಿಡೋಣ.

ಏರು ಹತ್ತುವಾಗ ಇದರಿಂದ ಲಾಭವಿದೆಯೇ?

ಇದೆ, ಮುಖ್ಯವಾಗಿ ತಿರುವುಗಳಿರುವ ಏರಿನಲ್ಲಿ. ಡಿಯಲ್ಲಿ ಏನಾಗುತ್ತದೆ ನೋಡಿ: ತಿರುವು ಬಂತೆಂದು ಕಾಲು ತೆಗೆಯುತ್ತೀರಿ, ‘ಇವರಿಗೆ ಶಕ್ತಿ ಬೇಡ’ ಎಂದು ಕಾರು ಗೇರ್ ಏರಿಸುತ್ತದೆ. ತಿರುವು ಮುಗಿದು ಕಾಲು ಒತ್ತುತ್ತೀರಿ, ಕಾರು ಏದುಸಿರು ಬಿಟ್ಟು, ಒಂದು ಕ್ಷಣ ಯೋಚಿಸಿ, ಮತ್ತೆ ಇಳಿಸುತ್ತದೆ. ಪ್ರತಿ ತಿರುವಿಗೂ ಇದೇ ನಾಟಕ, ಹಿಂದೆ ಕೂತವರಿಗೆ ಹೊಟ್ಟೆ ತೊಳಸುವುದು ಬೋನಸ್. ಎರಡಕ್ಕೋ ಮೂರಕ್ಕೋ ಹಾಕಿ ಹಿಡಿದುಕೊಂಡರೆ ಕಾರು ನಿಮ್ಮ ಕಾಲಿಗೆ ಅಂಟಿದಂತೆ ಸ್ಪಂದಿಸುತ್ತದೆ. ತುಂಬಿದ ಕಾರು, ಹಿಂದೆ ಎಳೆಯುವ ಟ್ರೇಲರ್ ಇದ್ದಾಗ ಇನ್ನೊಂದು ಉಪಯೋಗವೂ ಇದೆ. ಗೇರ್ ಮೇಲೆ ಕೆಳಗೆ ಒದ್ದಾಡದಿದ್ದರೆ ಗೇರ್‌ಬಾಕ್ಸಿನ ಎಣ್ಣೆ ಅಷ್ಟು ಕಾಯುವುದಿಲ್ಲ.

ಓವರ್‌ಟೇಕ್ ಮಾಡಲು?

ಆಕ್ಸಲರೇಟರನ್ನು ಪೂರ್ತಿ ತುಳಿದರೆ ಡಿಯಲ್ಲೂ ಗೇರ್ ಇಳಿಯುತ್ತದೆ, ಕಿಕ್‌ಡೌನ್ ಎನ್ನುತ್ತಾರೆ. ಆದರೆ ತುಳಿದದ್ದಕ್ಕೂ ಕಾರು ನುಗ್ಗಿದ್ದಕ್ಕೂ ನಡುವೆ ಒಂದು ಗಳಿಗೆ ಇರುತ್ತದಲ್ಲ, ಎದುರಿನಿಂದ ವಾಹನ ಬರುವ ರಸ್ತೆಯಲ್ಲಿ ಅದು ಬಹಳ ಉದ್ದ ಅನಿಸುತ್ತದೆ. ನಾನು ಇನ್ನೂ ನನ್ನ ಸಾಲಿನಲ್ಲಿರುವಾಗಲೇ ಒಂದೋ ಎರಡೋ ಗೇರ್ ಇಳಿಸಿಕೊಂಡು, ಆರ್‌ಪಿಎಂ ಏರಿದ್ದು ಕೇಳಿಸಿದ ಮೇಲೆ ಹೊರಗೆ ಬರುತ್ತೇನೆ. ದಾರಿ ತೆರವಾಗಲಿಲ್ಲವೇ, ಪ್ಲಸ್ ಒತ್ತಿ ಹಿಂದೆಯೇ ಇರುತ್ತೇನೆ, ನಷ್ಟವೇನಿಲ್ಲ.

ಮೈಲೇಜ್ ಹೆಚ್ಚುತ್ತದೆಯೇ?

ಮಾಮೂಲಿ ಓಡಾಟದಲ್ಲಿ ಡಿಯನ್ನು ಸೋಲಿಸುವುದು ಕಷ್ಟ. ಎಂಜಿನ್ ಎಲ್ಲಿ ಕಡಿಮೆ ಕುಡಿಯುತ್ತದೆ ಎಂಬ ನಕ್ಷೆಯನ್ನು ಇಟ್ಟುಕೊಂಡೇ ಕಂಪ್ಯೂಟರ್ ಗೇರ್ ಆರಿಸುತ್ತದೆ. ಮ್ಯಾನ್ಯುಯಲ್‌ನಲ್ಲಿ ಗೇರ್ ಏರಿಸಲು ಮರೆತು ಹೆದ್ದಾರಿಯಲ್ಲಿ ನಾಲ್ಕರಲ್ಲೇ ಹತ್ತು ಕಿಲೋಮೀಟರ್ ಹೋದವರಲ್ಲಿ ನಾನೂ ಒಬ್ಬ. ಯಾಕೋ ಇವತ್ತು ಸದ್ದು ಜಾಸ್ತಿ ಅನಿಸಿತ್ತು.

ನನ್ನದು ಎಎಂಟಿ, ಅಣ್ಣನದು ಸಿವಿಟಿ, ಆಫೀಸಿನವರದು ಡಿಸಿಟಿ. ಎಲ್ಲಕ್ಕೂ ಇದೇ ಮಾತು ಸಲ್ಲುತ್ತದೆಯೇ?

ಬಹುಪಾಲು ಸಲ್ಲುತ್ತದೆ. ಒಳಗಿನ ಯಂತ್ರ ಬೇರೆಯಾದ್ದರಿಂದ ಅನುಭವ ಬೇರೆ.

ಟಾರ್ಕ್ ಕನ್ವರ್ಟರ್ ಇರುವ ಸಾಂಪ್ರದಾಯಿಕ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಇರುವುದು ದ್ರವ. ಅದಕ್ಕೇ ನಯ, ಹಾಗೇ ಕೊಂಚ ಸೋಮಾರಿ. ಮೈನಸ್ ಒತ್ತಿದ ಮೇಲೆ ಒಂದುಸಿರು ಕಾಯಿರಿ.

ಡಿಸಿಟಿಯಲ್ಲಿ ಎರಡು ಕ್ಲಚ್. ಬೆಸ ಗೇರುಗಳು ಒಂದರ ಪಾಲು, ಸರಿ ಗೇರುಗಳು ಇನ್ನೊಂದರ ಪಾಲು. ನೀವು ಮೂರರಲ್ಲಿ ವೇಗ ಹೆಚ್ಚಿಸುತ್ತಿದ್ದರೆ ನಾಲ್ಕು ಆಗಲೇ ಸಿದ್ಧವಾಗಿ ಕಾದಿರುತ್ತದೆ, ಹಾಗಾಗಿ ಪ್ಲಸ್ ಒತ್ತಿದ್ದೇ ತಡ ಬದಲಾಗುತ್ತದೆ. ಅದು ನಾಲ್ಕಕ್ಕೆ ಸಿದ್ಧವಾಗಿರುವಾಗ ನೀವು ಥಟ್ಟನೆ ಎರಡು ಕೇಳಿದರೆ ಸ್ವಲ್ಪ ತಬ್ಬಿಬ್ಬಾಗುತ್ತದೆ. ಮ್ಯಾನ್ಯುಯಲ್ ಮೋಡ್ ಖುಷಿ ಕೊಡುವುದು ಈ ಜಾತಿಯಲ್ಲೇ ಎಂದು ನನ್ನ ಅನಿಸಿಕೆ.

ಸಿವಿಟಿಯಲ್ಲಿ ಗೇರುಗಳೇ ಇಲ್ಲ. ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟ್ ಇಲ್ಲವೇ ಚೈನು. ಪುಲ್ಲಿ ಅಗಲವಾದಂತೆ, ಕಿರಿದಾದಂತೆ ಅನುಪಾತ ಜಾರುತ್ತಾ ಹೋಗುತ್ತದೆ. ಮ್ಯಾನ್ಯುಯಲ್‌ನಲ್ಲಿ ತೋರಿಸುವ ಆರೋ ಏಳೋ ‘ಗೇರ್’ ಎಂದರೆ ಆ ಜಾರುದಾರಿಯಲ್ಲಿ ಹೊಡೆದ ಗೂಟಗಳು, ಅಷ್ಟೇ. ಹಾಗೆಂದು ನಿಷ್ಪ್ರಯೋಜಕ ಎನ್ನಬೇಡಿ, ಇಳಿಜಾರಿನಲ್ಲಿ ಆ ಗೂಟ ಚೆನ್ನಾಗಿಯೇ ಹಿಡಿಯುತ್ತದೆ.

ಎಎಂಟಿ ಎಂದರೆ ಮಾಮೂಲಿ ಗೇರ್ ಕಾರಿನ ಪೆಟ್ಟಿಗೆಯೇ, ಕ್ಲಚ್ ಒತ್ತುವ ಕೆಲಸಕ್ಕೆ ಒಂದು ಯಾಂತ್ರಿಕ ಕಾಲು ಇಟ್ಟಿದ್ದಾರೆ. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ತೂಗುವುದು ಇದರಲ್ಲೇ. ಮ್ಯಾನ್ಯುಯಲ್‌ನಲ್ಲಿ ಬದಲಾವಣೆ ಯಾವಾಗ ಎಂಬುದು ನಿಮಗೆ ಗೊತ್ತಿರುವುದರಿಂದ, ಪ್ಲಸ್ ಒತ್ತುವಾಗಲೇ ಆಕ್ಸಲರೇಟರನ್ನು ತುಸು ಸಡಿಲಿಸಿ, ಗೇರ್ ಕೂತ ಮೇಲೆ ಮತ್ತೆ ಒತ್ತಿ. ತೂಗಾಟ ಅರ್ಧಕ್ಕರ್ಧ ಕಡಿಮೆ. ಒಂದು ಎಚ್ಚರ: ಏರಿನಲ್ಲಿ ಆಕ್ಸಲರೇಟರ್ ಒತ್ತಿಕೊಂಡು ಕಾರನ್ನು ನಿಂತಲ್ಲೇ ತೂಗಿಸಬೇಡಿ, ಕ್ಲಚ್ ಸುಡುತ್ತದೆ. ಬ್ರೇಕ್ ಇರುವುದೇ ಅದಕ್ಕೆ. ಡಿಸಿಟಿಗೂ ಈ ಮಾತು ಅನ್ವಯ.

ಟ್ರಾಫಿಕ್ಕಿನಲ್ಲಿ?

ಡಿ. ಬೇರೆ ಮಾತೇ ಇಲ್ಲ. ಎಎಂಟಿ, ಡಿಸಿಟಿ ಇರುವವರು ಆಮೆ ವೇಗದಲ್ಲಿ ಒಂದು ಎರಡು ಒಂದು ಎರಡು ಎಂದು ಕಾರು ತಡಕಾಡಿದರೆ, ಮ್ಯಾನ್ಯುಯಲ್‌ನಲ್ಲಿ ಒಂದಕ್ಕೇ ಕಟ್ಟಿಹಾಕಬಹುದು.

ಕೆಸರು, ಹಿಮ, ಒದ್ದೆ ಹುಲ್ಲು ಇದ್ದರೆ?

ನಿಂತಲ್ಲಿಂದ ಹೊರಡುವಾಗ ಎರಡನೇ ಗೇರ್ ಆರಿಸಿ, ಕಾರು ಅನುಮತಿಸಿದರೆ. ಮೊದಲ ಗೇರಿನಲ್ಲಿ ಚಕ್ರಕ್ಕೆ ಹೋಗುವ ತಿರುಚುಬಲ ಹೆಚ್ಚು, ಸಣ್ಣ ಒತ್ತಡಕ್ಕೂ ಗಿರಗಿರ ತಿರುಗಿ ಗುಂಡಿ ತೋಡಿಕೊಳ್ಳುತ್ತದೆ. ಎರಡರಲ್ಲಿ ಮೆಲ್ಲಗೆ ಕಾಲಿಟ್ಟರೆ ಹಿಡಿತ ಸಿಗುತ್ತದೆ.

ಸಿಗ್ನಲ್ಲಿನಲ್ಲಿ ನಿಲ್ಲುವಾಗ ನಾನೇ ಒಂದಕ್ಕೆ ಇಳಿಸಬೇಕೇ?

ಬೇಕಿಲ್ಲ, ನಿಲ್ಲುವಷ್ಟರಲ್ಲಿ ತಾನೇ ಇಳಿದಿರುತ್ತದೆ. ಹೊರಟ ಮೇಲೆ ಏರಿಸುವುದು ನಿಮ್ಮ ಕೆಲಸ, ಅದನ್ನು ಮರೆಯಬೇಡಿ.

ಮೊದಲು ಗೇರ್ ಕಾರು ಓಡಿಸುತ್ತಿದ್ದೆ. ಮ್ಯಾನ್ಯುಯಲ್ ಮೋಡಿಗೆ ಬಂದ ತಕ್ಷಣ ಎಡಗಾಲು ಕ್ಲಚ್ ಹುಡುಕುತ್ತದೆ.

ನಗುವ ವಿಷಯವಲ್ಲ. ಕೈ ಗೇರ್ ಬದಲಿಸಿದರೆ ಎಡಗಾಲು ತುಳಿಯಬೇಕು ಎಂದು ಮೈಗೆ ಕಲಿಸಿರುತ್ತೇವೆ. ಅಲ್ಲಿ ಸಿಗುವುದು ಅಗಲವಾದ ಬ್ರೇಕ್ ಪೆಡಲ್, ಅದನ್ನು ಕ್ಲಚ್ಚಿನ ಜೋರಿನಲ್ಲಿ ತುಳಿದರೆ ಕಾರು ನಡುರಸ್ತೆಯಲ್ಲಿ ನೆಟ್ಟಂತೆ ನಿಲ್ಲುತ್ತದೆ. ಎಡಗಾಲನ್ನು ಪಕ್ಕದ ಡೆಡ್ ಪೆಡಲ್ (ಕಾಲು ಊರಲೆಂದೇ ಇರುವ, ಅಲುಗಾಡದ ಪೆಡಲ್) ಮೇಲೆ ಒತ್ತಿ ಇಟ್ಟುಕೊಳ್ಳಿ. ನಾನು ಮೊದಲ ವಾರ ಕಾಲನ್ನು ಸೀಟಿನ ಅಡಿಗೇ ಮಡಚಿಟ್ಟಿದ್ದೆ. ಚೆಂದ ಕಾಣುವುದಿಲ್ಲ, ಆದರೆ ಕೆಲಸ ಮಾಡುತ್ತದೆ.

ಎಲೆಕ್ಟ್ರಿಕ್ ಕಾರಿನಲ್ಲೂ ಪ್ಯಾಡಲ್ ಇದೆಯಲ್ಲ, ಅದೇನು?

ಅಲ್ಲಿ ಸಾಮಾನ್ಯವಾಗಿ ಬದಲಿಸಲು ಗೇರೇ ಇರುವುದಿಲ್ಲ. ಆ ಪ್ಯಾಡಲ್ ಕಾಲು ತೆಗೆದಾಗ ಮೋಟಾರು ಎಷ್ಟು ಜೋರಾಗಿ ಕಾರನ್ನು ತಡೆದು ಬ್ಯಾಟರಿಗೆ ವಿದ್ಯುತ್ ತುಂಬಬೇಕು ಎಂಬುದನ್ನು ಹೆಚ್ಚುಕಡಿಮೆ ಮಾಡುತ್ತದೆ. ಇಳಿಜಾರಿನಲ್ಲಿ ಎಡಗಡೆಯದನ್ನು ಎಳೆದರೆ ಕೆಳಗಿನ ಗೇರ್ ಹಾಕಿದ ಅನುಭವವೇ. ಹ್ಯುಂಡೈ ಐಯಾನಿಕ್ 5 ಎನ್ ಒಂದು ಹೆಜ್ಜೆ ಮುಂದೆ ಹೋಗಿ ಇಲ್ಲದ ಎಂಟು ಗೇರುಗಳನ್ನು ಸದ್ದು, ಜರ್ಕು ಸಮೇತ ನಟಿಸುತ್ತದೆ. ಮೋಜಿಗೆ ಸರಿ.

ಮ್ಯಾನ್ಯುಯಲ್ ಮೋಡಿನ ಒಂದನೇ ಗೇರಿನಲ್ಲೇ ಬಿಟ್ಟು ಕಾರು ಪಾರ್ಕ್ ಮಾಡಬಹುದೇ?

ಗೇರ್ ಕಾರಿನ ಅಭ್ಯಾಸದಿಂದ ಬರುವ ಪ್ರಶ್ನೆ. ಟಾರ್ಕ್ ಕನ್ವರ್ಟರ್ ಕಾರಿನಲ್ಲಿ ಎಂಜಿನ್ ನಿಂತ ಮೇಲೆ ಒಂದನೇ ಗೇರ್ ಚಕ್ರವನ್ನು ಹಿಡಿಯುವುದಿಲ್ಲ. ಹಿಡಿಯುವುದು ‘ಪಿ’ ಹಾಕಿದಾಗ ಬೀಳುವ ಲೋಹದ ಕೊಂಡಿ. ಇಳಿಜಾರಿನಲ್ಲಿ ಮೊದಲು ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಬಿಟ್ಟು ಕಾರಿನ ಭಾರವನ್ನು ಹ್ಯಾಂಡ್‌ಬ್ರೇಕಿಗೆ ಒಪ್ಪಿಸಿ, ಆಮೇಲೆ ಮತ್ತೆ ಬ್ರೇಕ್ ಒತ್ತಿ ‘ಪಿ’ ಹಾಕಿ. ಹೀಗೆ ಮಾಡಿದರೆ ಹೊರಡುವಾಗ ಲಿವರ್ ‘ಕಟ್’ ಎಂದು ಸಿಕ್ಕಿಕೊಳ್ಳುವುದಿಲ್ಲ. ಎಷ್ಟೋ ಎಎಂಟಿ ಕಾರುಗಳಲ್ಲಿ ‘ಪಿ’ಯೇ ಇಲ್ಲ. ಅವುಗಳನ್ನು ಮಾತ್ರ ಗೇರಿನಲ್ಲೇ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಇಳಿಯಿರಿ.